ಇಪ್ಪತ್ತೆಂಟು ದಿನದ ತಿಂಗಳು, ಆರು ತಿಂಗಳ ಸುಗ್ಗಿ

ಗೊಬ್ಬರದ ದರ ಏರಿದರೆ ನಾವು ರಸ್ತೆಗೆ ಇಳಿಯುತ್ತೇವೆ. ಹೆಸರಿನ ದರ ಇಳಿದರೆ ಎಪಿಎಂಸಿ ಬಾಗಿಲಿಗೆ ಹೋಗಿ ಕೂಡುತ್ತೇವೆ. ಆದರೆ ಕಿಸೆಯಲ್ಲಿರುವ ಫೋನಿನ ಖರ್ಚು ಆರು ವರ್ಷದಲ್ಲಿ ಐದು ಪಟ್ಟು ಏರಿದಾಗ ನಮ್ಮಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕಾರಣ ಸರಳ. ಅದು ಇಡಿಗಂಟಾಗಿ ಹೋಗುವುದಿಲ್ಲ, ಇನ್ನೂರು ಮುನ್ನೂರು ಅಂತ ಸೋರುತ್ತದೆ. ಸೋರುವ ಕೊಡ ಖಾಲಿಯಾಗುವುದು ಗೊತ್ತಾಗುವುದು ನೀರಡಿಸಿದಾಗಲೇ.

ಲೆಕ್ಕ ನೋಡೋಣ. 2018ರ ಕೊನೆಗೆ ಖಾಸಗಿ ಕಂಪನಿಗಳು ಕನಿಷ್ಠ ರಿಚಾರ್ಜ್ ಎಂಬ ಪದ್ಧತಿ ತಂದವು. ಆಗ ಅದು 28 ದಿನಕ್ಕೆ 35 ರೂ. ಏರ್‌ಟೆಲ್‌ನಲ್ಲಿ 2021ರ ನವೆಂಬರ್‌ಗೆ ಅದು 99 ಆಯಿತು, 2023ರಲ್ಲಿ 155, 2024ರ ಜುಲೈನಲ್ಲಿ 199. ಅದೇ ಅವಧಿಯಲ್ಲಿ ಸೋಯಾಬಿನ್ ಬೆಂಬಲ ಬೆಲೆ ಕ್ವಿಂಟಲಿಗೆ 3399 ರೂ.ನಿಂದ (2018-19) 4892ಕ್ಕೆ (2024-25) ಏರಿತು. ಹೆಸರು 6975ರಿಂದ 8682ಕ್ಕೆ. ಅಂದರೆ ನಮ್ಮ ಸೋಯಾ ನೂರಕ್ಕೆ 44, ಹೆಸರು ನೂರಕ್ಕೆ 24 ಏರಿತು. ಅದೂ ಕಾಗದದ ಮೇಲಿನ ಬೆಲೆ. ಪೇಟೆಯಲ್ಲಿ ಸಿಕ್ಕಿದ್ದು ಎಷ್ಟು ಅಂತ ಬೈಲಹೊಂಗಲ, ಸವದತ್ತಿ ಪೇಟೆಗೆ ಚೀಲ ಒಯ್ದವರಿಗೆ ಗೊತ್ತಿದೆ.

ಕಂಪನಿಯವರ ಮಾತೂ ಕೇಳಬೇಕು. 35 ರೂ.ಗೆ ಮಾತಾಡಲು ಸಿಗುತ್ತಿದ್ದುದು ಸ್ವಲ್ಪವೇ. 199ಕ್ಕೆ ಮಿತಿಯಿಲ್ಲದ ಮಾತು, ಮೇಲೆ 2 ಜಿಬಿ ಡೇಟಾ. ಇದು ನಿಜ. ಆದರೆ ಬಂದ ಕರೆ ಎತ್ತಿಕೊಳ್ಳುವುದಕ್ಕಷ್ಟೇ ಫೋನ್ ಇಟ್ಟುಕೊಂಡ ಮುದುಕರಿಗೆ ಮಿತಿಯಿಲ್ಲದ ಮಾತು ಯಾಕೆ? ಎರಡು ಎಕರೆಯವನಿಗೆ ಕಬ್ಬು ಕಟಾವು ಯಂತ್ರ ಕೊಟ್ಟು ಬಾಡಿಗೆ ಕೇಳಿದಂತೆ ಆಯಿತು.

ಡೇಟಾ ಯಾಕೆ ಇಷ್ಟು ಮುಖ್ಯವಾಯಿತು?

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು, ಕಲಕತ್ತೆಯಿಂದ ದಿಲ್ಲಿಗೆ. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ನಮ್ಮ ಕಡೆ ಸ್ಪೈಸ್, ಏರ್‌ಟೆಲ್, ಬಿಎಸ್‌ಎನ್‌ಎಲ್ ಸಿಮ್‌ಗಳು ಕಿರಾಣಿ ಅಂಗಡಿಗೂ ಬಂದವು. ಆ ಕಾಲದಲ್ಲಿ ಕಂಪನಿ ಮಾರುತ್ತಿದ್ದುದು ಮಾತನ್ನು. ನಿಮಿಷಕ್ಕೆ ಇಷ್ಟು ಅಂತ.

ಹೊರಗಿನ ದೇಶಗಳಲ್ಲಿ ಅಷ್ಟೊತ್ತಿಗೆ ಗಾಳಿ ತಿರುಗಿತ್ತು. 1999ರ ಫೆಬ್ರವರಿಯಲ್ಲಿ ಜಪಾನಿನ ಡೊಕೊಮೊ ಕಂಪನಿ ಐ-ಮೋಡ್ ಎಂಬ ಸೇವೆ ತೆರೆದು, ಫೋನಿನಲ್ಲೇ ಪತ್ರ, ಸುದ್ದಿ, ಹವಾಮಾನ ನೋಡುವ ಹಾಗೆ ಮಾಡಿತು. ಮಾತಿನ ದರ ಪೈಪೋಟಿಯಲ್ಲಿ ಇಳಿಯುತ್ತಲೇ ಹೋಗುತ್ತದೆ, ಇನ್ನು ಗಳಿಕೆ ಇರುವುದು ಡೇಟಾದಲ್ಲಿ ಅಂತ ಎಲ್ಲರಿಗೂ ಹೊಳೆಯಿತು. 2000ದಲ್ಲಿ ಯುರೋಪಿನ ಕಂಪನಿಗಳು ಮೂರನೇ ತಲೆಮಾರಿನ ತರಂಗಾಂತರಕ್ಕೆ ಮುಗಿಬಿದ್ದವು. ಬ್ರಿಟನ್ನಿನಲ್ಲಿ ಹರಾಜು ಸುಮಾರು 2250 ಕೋಟಿ ಪೌಂಡ್ ಆಯಿತು, ಜರ್ಮನಿಯಲ್ಲಿ ಸುಮಾರು 5000 ಕೋಟಿ ಯೂರೋ ಮುಟ್ಟಿತು. ನಮ್ಮಲ್ಲಿ 2010ರ 3ಜಿ ಹರಾಜು 67 ಸಾವಿರ ಕೋಟಿ ರೂ. ದಾಟಿತು, 2022ರ 5ಜಿ ಹರಾಜು ಒಂದೂವರೆ ಲಕ್ಷ ಕೋಟಿ. ಹರಾಜಿನಲ್ಲಿ ಹಾಕಿದ್ದನ್ನು ಯಾರಾದರೂ ತುಂಬಿಕೊಡಲೇಬೇಕಲ್ಲ. ಪೇಟೆಯಲ್ಲಿ ಸವಾಲಿಗೆ ನಿಂತ ದಲಾಲರು ಏರಿಸಿದ ದರವನ್ನು ಕೊನೆಗೆ ಕೊಡುವವನು ಕೊಳ್ಳುವವನೇ.

ಮಧ್ಯದಲ್ಲಿ ಒಂದು ಸುಗ್ಗಿ ಬಂತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಶುರುವಾಗಿ 2017ರ ಮಾರ್ಚ್ ತನಕ ಎಲ್ಲವನ್ನೂ ಪುಕ್ಕಟೆ ಕೊಟ್ಟಿತು. 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂ. ಇದ್ದದ್ದು ಕೆಲವೇ ವರ್ಷದಲ್ಲಿ ಹತ್ತು ಹನ್ನೆರಡು ರೂ.ಗೆ ಬಂತು. ಇದರಿಂದ ನಮಗೆ ಉಪಕಾರ ಆಗಿದೆ, ಇಲ್ಲ ಅನ್ನುವುದು ಕೃತಘ್ನತೆ. ಆದರೆ ಪೈಪೋಟಿ ತಾಳದೆ ಆರ್‌ಕಾಂ, ಏರ್‌ಸೆಲ್ ಮುಚ್ಚಿದವು, ಟಾಟಾ ತನ್ನ ಮೊಬೈಲ್ ವ್ಯವಹಾರ ಮಾರಿತು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಕಣದಲ್ಲಿ ಉಳಿದದ್ದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್‌ಎನ್‌ಎಲ್. ಆಮೇಲೆ 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ, ಮೂರೂ ಸಲ ಖಾಸಗಿಯವರು ಹೆಚ್ಚೂಕಡಿಮೆ ಒಟ್ಟಿಗೇ ದರ ಏರಿಸಿದರು. ಕೊಳ್ಳುವವರು ಮೂರೇ ಮಂದಿ ಇದ್ದ ಪೇಟೆಯಲ್ಲಿ ಏನಾಗುತ್ತದೆ ಎಂದು ಹತ್ತಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಮಾರುವವರು ಮೂರೇ ಇದ್ದರೂ ಅದೇ ಕಥೆ.

ಕಂಪನಿಗಳ ಭಾಷೆಯಲ್ಲಿ ಇದಕ್ಕೊಂದು ಅಳತೆ ಇದೆ. ಒಬ್ಬ ಗಿರಾಕಿಯಿಂದ ತಿಂಗಳಿಗೆ ಬರುವ ಸರಾಸರಿ ಗಳಿಕೆ. ಏರ್‌ಟೆಲ್‌ಗೆ 2020ರ ಮಾರ್ಚ್ ತ್ರೈಮಾಸಿಕದಲ್ಲಿ ಅದು 154 ರೂ. ಇತ್ತು, 2025ರ ಮಾರ್ಚ್‌ನಲ್ಲಿ 245. ಜಿಯೊಗೆ ಸುಮಾರು 131 ಇದ್ದದ್ದು 206 ಆಯಿತು. ನಾವು ಎಕರೆಗೆ ಎಷ್ಟು ಇಳುವರಿ ಎನ್ನುತ್ತೇವೆ. ಅವರಿಗೆ ನಾವೇ ಎಕರೆ.

ನಮ್ಮ ಮನೆಯ ಲೆಕ್ಕ

ಈಗ ಒಂದು ಸಾಧಾರಣ ಒಕ್ಕಲು ಮನೆ ತೆಗೆದುಕೊಳ್ಳಿ. ಗಂಡ, ಹೆಂಡತಿ, ಧಾರವಾಡದಲ್ಲಿ ಕಾಲೇಜು ಓದುವ ಮಗ, ವಯಸ್ಸಾದ ತಂದೆ. ನಾಲ್ಕು ಫೋನು. ಎರಡಕ್ಕೆ 299ರ ಡೇಟಾ ಪ್ಯಾಕು, ಎರಡಕ್ಕೆ 199ರದ್ದು ಅಂತ ಇಟ್ಟುಕೊಳ್ಳೋಣ (2024ರ ಜುಲೈನ ದರ). ಒಂದು ಸಲಕ್ಕೆ 996 ರೂ. ವರ್ಷಕ್ಕೆ ಹನ್ನೆರಡು ಸಲ ಅಲ್ಲ, ಹದಿಮೂರು ಸಲ. ಇಪ್ಪತ್ತೆಂಟು ದಿನದ್ದು ಹದಿಮೂರು ಸೇರಿದರೆ 364 ದಿನ. ಒಟ್ಟು 12,948 ರೂ.

ಇದನ್ನು ಸೋಯಾದಲ್ಲಿ ಅಳೆಯಿರಿ. 2024-25ರ ಬೆಂಬಲ ಬೆಲೆಯಲ್ಲಿ ಎರಡೂವರೆ ಕ್ವಿಂಟಲಿಗಿಂತ ಹೆಚ್ಚು. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಐದು ಕ್ವಿಂಟಲ್ ಬಂದರೆ ಅರ್ಧ ಎಕರೆ ಪೂರ್ತಿ ಫೋನಿಗೇ ಬಿತ್ತಿದ ಹಾಗೆ. ಬೀಜ, ಗೊಬ್ಬರ, ಆಳು ಬೇರೆ.

ಇನ್ನೊಂದು ಇದೆ. ರಿಚಾರ್ಜ್ ಮೇಲೆ ನೂರಕ್ಕೆ 18 ಜಿಎಸ್‌ಟಿ ಸೇರಿರುತ್ತದೆ. 12,948ರಲ್ಲಿ ತೆರಿಗೆಯೇ ಸುಮಾರು 1975 ರೂ. ಪಿಎಂ ಕಿಸಾನ್ ಯೋಜನೆಯಲ್ಲಿ ಒಂದು ಕಂತಿಗೆ ಬರುವುದು 2000. ವರ್ಷದ ಮೂರು ಕಂತಿನಲ್ಲಿ ಒಂದು ಕಂತು ಫೋನಿನ ತೆರಿಗೆಯಾಗಿ ಹೊರಳಿ ಹೋಗುತ್ತದೆ. ವ್ಯಾಪಾರಿ ಕಟ್ಟಿದ ಜಿಎಸ್‌ಟಿಯನ್ನು ಮುಂದೆ ವಜಾ ಮಾಡಿಕೊಳ್ಳುತ್ತಾನೆ. ನಮಗೆ ಆ ದಾರಿಯೂ ಇಲ್ಲ.

ನಮ್ಮ ಓಣಿಯ ಹಿರಿಯರೊಬ್ಬರು ರಿಚಾರ್ಜ್ ಅಂಗಡಿ ಹುಡುಗನಿಗೆ ಕೇಳಿದ್ದು ಸರಿಯಾಗಿದೆ: "ತಮ್ಮಾ, ಮೊನ್ನೆ ಹಾಕೀದಿ, ಇನ್ನೂ ತಿಂಗಳಾಗಿಲ್ಲ, ಮತ್ತ ಬಂದ್ ಆತಲ್ಲೋ?" ಹುಡುಗ ಅಂದ: "ಕಾಕಾ, ಅವ್ರ ತಿಂಗಳ ಇಪ್ಪತ್ತೆಂಟ ದಿನದ್ದು." ಹಿರಿಯರು ಬಿಡಲಿಲ್ಲ: "ನಮ್ಮ ರೊಕ್ಕ ಬರೂದು ಆರ ತಿಂಗಳಿಗೊಮ್ಮೆ. ಅದನ್ಯಾರ ಅವ್ರಿಗೆ ಹೇಳ್ಯಾರ?"

ಅಲ್ಲೇ ಇದೆ ನೋಡಿ ವಿಷಯ. ಪಗಾರದವನಿಗೆ ತಿಂಗಳ ಲೆಕ್ಕ ಹೊಂದುತ್ತದೆ. ಸವದತ್ತಿ, ರಾಮದುರ್ಗದ ಎರೆ ಹೊಲದವನಿಗೆ ಹೆಸರು ಬಂದಾಗ ಒಮ್ಮೆ, ಕಡಲೆ ಜೋಳ ಬಂದಾಗ ಒಮ್ಮೆ ಕೈಯಲ್ಲಿ ದುಡ್ಡು. ಕಿತ್ತೂರು ಕಡೆಯ ಕಬ್ಬಿನವನಿಗೆ ಕಾರ್ಖಾನೆ ಬಿಲ್ಲು ಬಂದಾಗ. ನಡುವಿನ ತಿಂಗಳಲ್ಲಿ ರಿಚಾರ್ಜ್ ಕೂಡ ಕೈಗಡವೇ.

ಬೇಡ ಅನ್ನುವ ಹಾಗೂ ಇಲ್ಲ

"ಹಂಗಾದ್ರ ಫೋನ್ ಬಿಟ್ಟಬಿಡ್ರಿ" ಅನ್ನಬಹುದು ಯಾರಾದರೂ. ಬಿಡುವ ಹಾಗೆ ಇಟ್ಟಿಲ್ಲ. 2020ರಿಂದ ಬೆಳೆ ಸಮೀಕ್ಷೆ ರೈತರ ಆ್ಯಪ್‌ನಲ್ಲಿ ಬಂದಿದೆ. ಹೊಲದಲ್ಲಿ ನಿಂತು ಬೆಳೆಯ ಫೋಟೋ ತೆಗೆಯಬೇಕು. ಬೆಳೆಹಾನಿ ಪರಿಹಾರ, ವಿಮೆ, ಬೆಂಬಲ ಬೆಲೆ ಖರೀದಿ ಎಲ್ಲಕ್ಕೂ ಆ ದಾಖಲೆಯೇ ಆಧಾರ. ಪಿಎಂ ಕಿಸಾನ್‌ಗೆ ಇ-ಕೆವೈಸಿ ಕಡ್ಡಾಯ. ಆಧಾರಿಗೆ ಜೋಡಿಸಿದ ನಂಬರಿಗೆ ಒಟಿಪಿ ಬರಬೇಕು. ರಿಚಾರ್ಜ್ ಮುಗಿದು ಕೆಲ ದಿನ ಕಳೆದರೆ ಒಳಬರುವ ಸಂದೇಶವೂ ನಿಲ್ಲುತ್ತದೆ. ನನಗೆ ಗೊತ್ತಿದ್ದ ಒಬ್ಬರು ಒಟಿಪಿ ಬಾರದೆ, ಬೆರಳಚ್ಚು ಕೊಡಲು ತಾಲೂಕಿಗೆ ಎರಡು ಸಲ ತಿರುಗಿದರು. ಎರಡು ದಿನದ ಕೂಲಿ, ಬಸ್ಸಿನ ಚಾರ್ಜು ಎಲ್ಲ ಲೆಕ್ಕ ಹಾಕಿದರೆ ಕಂತಿನ ಅರ್ಧ ಹೋಯಿತು. ಸರಕಾರವೇ ಕಡ್ಡಾಯ ಮಾಡಿದ ಮೇಲೆ ರಿಚಾರ್ಜ್ ಎನ್ನುವುದು ಶೋಕಿಯ ಖರ್ಚಲ್ಲ, ಕಂದಾಯದ ಹಾಗೆ.

ಫೋನಿನ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟು ಮಲಪ್ರಭೆ ರಾಮದುರ್ಗ ತಾಲೂಕಿಗೆ ನುಗ್ಗಿದಾಗ, ದಂಡೆಯ ಊರಿನವರಿಗೆ ಮೇಲಿನವರ ಒಂದು ಕರೆ ಎಷ್ಟು ದೊಡ್ಡದು ಎಂದು ಗೊತ್ತಾಯಿತು. ಆದರೆ ಗಮನಿಸಿ, ಅದು ಕರೆ. ಕೇರಳದ ಬೂತಾಯಿ ಹಿಡಿಯುವವರ ಬಗ್ಗೆ ರಾಬರ್ಟ್ ಜೆನ್ಸನ್ ಎಂಬವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿ. 1997ರಿಂದ 2001ರ ನಡುವೆ ಅಲ್ಲಿ ಮೊಬೈಲ್ ಬಂದ ಮೇಲೆ ದೋಣಿಯಿಂದಲೇ ದರ ಕೇಳಿ ಯಾವ ಪೇಟೆಗೆ ಹೋಗಬೇಕೆಂದು ತೀರ್ಮಾನಿಸತೊಡಗಿದರು. ಮೀನು ಸಮುದ್ರಕ್ಕೆ ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ನೂರಕ್ಕೆ 8 ಏರಿತು, ಗಿರಾಕಿಗೆ ದರ ನೂರಕ್ಕೆ 4 ಇಳಿಯಿತು. ಇಷ್ಟೆಲ್ಲ ಆದದ್ದು ಬರೀ ಮಾತಿನಿಂದ. ಡೇಟಾ ಆಗ ಇರಲೇ ಇಲ್ಲ.

ನಮ್ಮ ಡೇಟಾ ಎಲ್ಲಿಗೆ ಹೋಗುತ್ತದೆ? ದೇಶದಲ್ಲಿ ಒಬ್ಬ ಬಳಕೆದಾರ 2024ರಲ್ಲಿ ತಿಂಗಳಿಗೆ ಸರಾಸರಿ 20 ಜಿಬಿ ಸುಮಾರು ಬಳಸಿದ. ಅದರಲ್ಲಿ ಪೇಟೆ ದರ, ಹವಾಮಾನ ನೋಡಲು ಬೇಕಾದದ್ದು ಚಿಟಿಕೆಯಷ್ಟು. ಉಳಿದದ್ದು ವಿಡಿಯೋ. ಹುಡುಗರು ನೋಡಲಿ, ನಾವೂ ನೋಡುತ್ತೇವೆ. ಆದರೆ ದಿನಕ್ಕೆ ಒಂದೂವರೆ ಜಿಬಿ ಎಂಬುದು ಕಾಲುವೆಯ ರಾತ್ರಿ ಪಾಳಿ ಇದ್ದ ಹಾಗೆ. ಬೇಕೋ ಬೇಡವೋ ಹರಿಯುತ್ತದೆ, ನಡುರಾತ್ರಿಗೆ ಬಂದ್. ಉಳಿಸಿ ನಾಳೆಗೆ ಕಟ್ಟಿಕೊಳ್ಳುವ ಹಾಗಿಲ್ಲ.

ಏನು ಮಾಡಬಹುದು?

ಮೊದಲು ಮನೆಯಲ್ಲಿ ಆಗುವುದು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರ ಒಂದು ನಿಯಮ ಮಾಡಿತು. ಡೇಟಾ ಇಲ್ಲದೆ ಬರೀ ಮಾತು ಮತ್ತು ಸಂದೇಶದ ಪ್ಯಾಕನ್ನು ಪ್ರತಿ ಕಂಪನಿ ಕೊಡಲೇಬೇಕು, ಅವಧಿ 365 ದಿನದ ತನಕ ಇರಬಹುದು ಅಂತ. 2025ರ ಜನವರಿಯಲ್ಲಿ ಏರ್‌ಟೆಲ್ 365 ದಿನಕ್ಕೆ 1849 ರೂ., ಜಿಯೊ 336 ದಿನಕ್ಕೆ 1748 ರೂ. ಅಂತ ಇಟ್ಟವು. 199ರದ್ದನ್ನು ಹದಿಮೂರು ಸಲ ಹಾಕಿದರೆ 2587. ಒಂದು ಫೋನಿಗೆ ಏಳುನೂರು ರೂ. ಮೇಲೆ ಉಳಿಯುತ್ತದೆ, ಸುಗ್ಗಿಯಲ್ಲಿ ಒಮ್ಮೆ ಹಾಕಿದರೆ ಮರು ಸುಗ್ಗಿ ತನಕ ಚಿಂತೆ ಇಲ್ಲ. ಇಂಥದ್ದು ಇದೆ ಎಂದು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಕೇಳಿ ಹಾಕಿಸಿಕೊಳ್ಳಿ, ಆ ದಿನದ ದರ ವಿಚಾರಿಸಿ. ಆಧಾರ್ ಮತ್ತು ಬ್ಯಾಂಕಿಗೆ ಜೋಡಿಸಿದ ನಂಬರಿಗೇ ಇಂಥ ವರ್ಷದ ಪ್ಯಾಕು ಹಾಕುವುದು ಒಳ್ಳೆಯದು. ಇನ್ನೊಂದು ಮಾತು. ಡೇಟಾ ಉಳಿಸುವುದೆಂದರೆ ಮನೆಯ ಹೆಣ್ಣುಮಕ್ಕಳ ಫೋನಿನಿಂದ ಕಡಿಯುವುದಲ್ಲ. ಸಂಘದ ಲೆಕ್ಕ, ಮಕ್ಕಳ ಶಾಲೆಯ ಸುದ್ದಿ ಅವರಲ್ಲಿಗೇ ಬರುವುದು.

ಹವಾಮಾನ ಕೇಳಲು ಆ್ಯಪ್ ಬೇಕೆಂದೇನಿಲ್ಲ. ವರುಣಮಿತ್ರಕ್ಕೆ (92433 45433) ಕರೆ ಮಾಡಿ ಕೇಳಬಹುದು. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್ (1800-180-1551) ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದು ಒಟ್ಟಾಗಿ ಕೇಳಬೇಕಾದದ್ದು. ದರ ಎಷ್ಟಿರಬೇಕೆಂದು ಟ್ರಾಯ್ ಹೇಳುವುದಿಲ್ಲ, ಅದು ಕಂಪನಿಗೆ ಬಿಟ್ಟದ್ದು. ಆದರೆ ಎಂಥ ಪ್ಯಾಕು ಇರಲೇಬೇಕು ಎಂದು ಹೇಳಬಲ್ಲದು, ಹೇಳಿದೆ. 2022ರಲ್ಲಿ ಮೂವತ್ತು ದಿನದ ಪ್ಯಾಕು ಒಂದಾದರೂ ಇರಬೇಕೆಂದಿತು. ಮಾತಿನ ಪ್ಯಾಕು ಬಂದದ್ದೂ ಹಾಗೆಯೇ. ಇಂಥ ನಿಯಮ ಮಾಡುವ ಮುಂಚೆ ಅದು ಜನರ ಅಭಿಪ್ರಾಯ ಕೇಳುತ್ತದೆ, ಯಾರು ಬೇಕಾದರೂ ಬರೆಯಬಹುದು. ಕಂಪನಿಗಳು ವಕೀಲರನ್ನಿಟ್ಟು ಬರೆಸುತ್ತವೆ. ನಮ್ಮ ರೈತ ಸಂಘಗಳು, ಪಿಕೆಪಿಎಸ್‌ಗಳು ಒಂದು ಠರಾವು ಮಾಡಿ ಕಳಿಸಿದರೆ ಅಂಚೆ ಖರ್ಚಷ್ಟೇ.

ನಾನು ಬರೆಯುವುದಾದರೆ ಮೂರು ಕೇಳುತ್ತೇನೆ. ಒಂದು, ವರ್ಷದ ಮಾತಿನ ಪ್ಯಾಕಿನ ಜೊತೆ ನಡುರಾತ್ರಿಗೆ ಸಾಯದ, ವರ್ಷವಿಡೀ ಬಳಸಬಹುದಾದ ಸ್ವಲ್ಪ ಡೇಟಾ. ಎರಡು, ರಿಚಾರ್ಜ್ ಮುಗಿದರೂ ಸರಕಾರಿ ಕೆಲಸದ ಮತ್ತು ಬ್ಯಾಂಕಿನ ಒಟಿಪಿ ಒಂದು ಹಂಗಾಮಿನ ತನಕ ಬರಬೇಕು. ಮೂರು, ಕಂಪನಿಗಳ ಗಳಿಕೆಯಲ್ಲಿ ನೂರಕ್ಕೆ 5 ಪಾಲು ಹಳ್ಳಿಗಳ ಸೇವೆಗೆಂದೇ ಒಂದು ನಿಧಿಗೆ ಹೋಗುತ್ತದೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಗುಡ್ಡದ ಮರೆಯ ನಮ್ಮ ಹೊಲಗಳಿಗೆ ಸಿಗ್ನಲ್ ಬರಲು ಅದು ಖರ್ಚಾಗಬೇಕು. ಆ ಹಣ ನಮ್ಮ ರಿಚಾರ್ಜಿನದೇ.

ಜಗತ್ತಿನ ಡೇಟಾ ವ್ಯಾಪಾರ ನಮ್ಮನ್ನು ಕೇಳಿ ಬೆಳೆದದ್ದಲ್ಲ, ನಾವು ಬೇಡವೆಂದರೆ ನಿಲ್ಲುವುದೂ ಇಲ್ಲ. ಆದರೆ ಕೊಳ್ಳುವವನಿಗೂ ಒಂದು ಮಾತಿದೆ. ನಿಮ್ಮ ಮನೆಯಲ್ಲಿ ಎಷ್ಟು ಫೋನು, ವರ್ಷಕ್ಕೆ ಎಷ್ಟು ರೂಪಾಯಿ, ಅದು ಯಾವ ಬೆಳೆಯ ಎಷ್ಟು ಚೀಲ ಎಂದು ಒಮ್ಮೆ ಕಾಗದದ ಮೇಲೆ ಬರೆದು ಪತ್ರಿಕೆಗೆ ಕಳಿಸಿ. ಹತ್ತು ಊರಿನ ಲೆಕ್ಕ ಸೇರಿದರೆ ಅದೇ ನಮ್ಮ ಅರ್ಜಿ.