ಎಲ್ಲರಿಗೂ ಕುಣಿತ: ಆ ‘ಎಲ್ಲರು’ ಯಾರು?

‘ಅನುಭವ ಬೇಕಿಲ್ಲ, ಯಾರು ಬೇಕಾದರೂ ಬರಬಹುದು.’ ಬೆಂಗಳೂರಿನ ವಾರಾಂತ್ಯದ ನೃತ್ಯ ಕಾರ್ಯಾಗಾರಗಳ ಪ್ರಕಟಣೆಗಳಲ್ಲಿ ಈಗ ಈ ಒಕ್ಕಣೆ ಸಾಮಾನ್ಯ. ಸಮಕಾಲೀನ ನೃತ್ಯ, ಸಾಲ್ಸಾ, ಕಳರಿಪಯಟ್ಟಿನ ಮೂಲ ಚಲನೆಗಳು, ಕೆಲವೊಮ್ಮೆ ಜಾನಪದ ಕುಣಿತ. ಇದನ್ನು ಉಳ್ಳವರ ಹೊಸ ಶೋಕಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಇದರೊಳಗೆ ನಗರಾಡಳಿತವೂ ಉತ್ತರಿಸಬೇಕಾದ ಪ್ರಶ್ನೆಯೊಂದು ಅಡಗಿದೆ. ಕುಣಿಯುವ ಅವಕಾಶ ಯಾರದು, ಅದಕ್ಕೆ ಜಾಗ ಎಲ್ಲಿದೆ?

‘ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕುಣಿಯುತ್ತಿದ್ದರು, ನಗರ ಅದನ್ನು ಕಸಿದುಕೊಂಡಿತು’ ಎಂಬ ಮಾತನ್ನು ಸಭೆಗಳಲ್ಲಿ ಆಗಾಗ ಕೇಳುತ್ತೇನೆ. ಇದು ಅರ್ಧ ಸತ್ಯ ಮಾತ್ರ. ಡೊಳ್ಳು ಕುಣಿತ ಬೀರೇಶ್ವರನ ಒಕ್ಕಲಾದ ಕುರುಬ ಸಮುದಾಯದ್ದು. ಕಂಸಾಳೆ ಮಲೆ ಮಹದೇಶ್ವರನ ದೀಕ್ಷೆ ಪಡೆದ ಗುಡ್ಡರದು. ಕೋಲಾಟದಂಥ ಕೆಲವನ್ನು ಬಿಟ್ಟರೆ, ಯಾರು ಕುಣಿಯಬೇಕು, ಯಾರು ನಿಂತು ನೋಡಬೇಕು ಎಂಬುದನ್ನು ಬಹುಮಟ್ಟಿಗೆ ಜಾತಿ, ಹರಕೆ, ಲಿಂಗಗಳೇ ನಿರ್ಧರಿಸುತ್ತಿದ್ದವು. ಶಾಸ್ತ್ರೀಯ ನೃತ್ಯದ ಚರಿತ್ರೆ ಇನ್ನೂ ಕಠೋರ. ರುಕ್ಮಿಣಿ ದೇವಿ ಅರುಂಡೇಲ್ 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ ಕಾಲದಿಂದ ಭರತನಾಟ್ಯ ಮೇಲ್ಜಾತಿಯ, ಮಧ್ಯಮ ವರ್ಗದ ಮನೆಗಳನ್ನು ಪ್ರವೇಶಿಸಿತು. ಅದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ದೇವದಾಸಿ ಮನೆತನಗಳ ಹೆಂಗಸರು ಬಹುಪಾಲು ವೇದಿಕೆಯಿಂದ ಹೊರಗುಳಿದರು. ಮೈಸೂರು ಆಸ್ಥಾನದ ನರ್ತಕಿಯಾಗಿದ್ದು, ಬಳಿಕ ವಿಶ್ವವಿದ್ಯಾಲಯದಲ್ಲೂ ಕಲಿಸಿದ ಕೆ. ವೆಂಕಟಲಕ್ಷಮ್ಮನವರಂಥ ಆಸ್ಥಾನ ಪರಂಪರೆಯ ಕಲಾವಿದೆಯರಿಗೆ ದೊರೆತ ಗೌರವ ವಿರಳ.

ಹಾಗೆ ಮಧ್ಯಮ ವರ್ಗದ ಮನೆಗೆ ಬಂದ ನೃತ್ಯವಾದರೂ ಏನಾಯಿತು? ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಏಣಿಯಾಯಿತು. ಏಣಿಯ ತುದಿಯಲ್ಲಿ ದುಬಾರಿ ರಂಗಪ್ರವೇಶ. ಹತ್ತು ವರ್ಷ ಕಲಿತು, ಮದುವೆಯಾದ ಮೇಲೆ ಗೆಜ್ಜೆಯನ್ನು ಅಟ್ಟಕ್ಕೇರಿಸಿದ ಹೆಣ್ಣುಮಕ್ಕಳು ನಮ್ಮ ಬಂಧುಬಳಗದಲ್ಲೇ ಎಷ್ಟಿಲ್ಲ! ನಲವತ್ತೈದರಲ್ಲಿ ಮತ್ತೆ ಕುಣಿಯಬೇಕೆನಿಸಿದರೆ, ಎಂಟು ವರ್ಷದ ಮಕ್ಕಳ ಪಕ್ಕದಲ್ಲಿ ನಿಂತು ತಟ್ಟಡವಿನಿಂದ ಆರಂಭಿಸಬೇಕು, ಇಲ್ಲವೇ ಸುಮ್ಮನಿರಬೇಕು. ಗಂಡಸರಿಗಂತೂ ಗಣೇಶನ ಮೆರವಣಿಗೆಯೊಂದೇ ಗತಿ. ಪರೀಕ್ಷೆಯಿಲ್ಲದ, ಜಾತಿ ಕೇಳದ, ಅಪರಿಚಿತರೇ ಕೂಡುವ ಕಾರ್ಯಾಗಾರ ಈ ಅರ್ಥದಲ್ಲಿ ನಿಜಕ್ಕೂ ಹೊಸತು.

ಎಲ್ಲರನ್ನೂ ಸೇರಿಸಿಕೊಂಡರೆ ಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪ ಉಂಟು. 2003ರಲ್ಲಿ ಬರ್ಲಿನ್ ಫಿಲ್ಹಾರ್ಮೊನಿಕ್ ನುಡಿಸಿದ ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ ಕೃತಿಗೆ ಸುಮಾರು 250 ಶಾಲಾ ಮಕ್ಕಳು ನರ್ತಿಸಿದರು. ಹೆಚ್ಚಿನವರಿಗೆ ನೃತ್ಯದ ಹಿನ್ನೆಲೆಯೇ ಇರಲಿಲ್ಲ. ಅದರ ಸಿದ್ಧತೆಯನ್ನು ದಾಖಲಿಸಿದ ‘ರಿದಮ್ ಈಸ್ ಇಟ್’ (2004) ಸಾಕ್ಷ್ಯಚಿತ್ರವನ್ನು ನೋಡಿದವರಿಗೆ, ತರಬೇತುದಾರ ರಾಯ್ಸ್ಟನ್ ಮಾಲ್ಡೂಮ್ ಮೌನಕ್ಕೂ ಏಕಾಗ್ರತೆಗೂ ಎಷ್ಟು ಪಟ್ಟು ಹಿಡಿಯುತ್ತಾರೆಂಬುದು ನೆನಪಿರಬಹುದು. ನಾನು ಭಾಗವಹಿಸಿದ ಒಂದು ಕಾರ್ಯಾಗಾರದಲ್ಲೂ ಹೆಜ್ಜೆ ಕಲಿಸಲಿಲ್ಲ. ಎದುರಿನವರು ನಡೆದಂತೆ ನಡೆಯಬೇಕು, ಅವರು ನಿಂತಲ್ಲಿ ನಿಲ್ಲಬೇಕು, ಅಷ್ಟೆ. ವಿದ್ವತ್ ಮುಗಿಸಿದವರಿಗೂ ನನ್ನಂಥ ಬೆನ್ನುನೋವಿನ ಪ್ರಾಣಿಗೂ ಅದು ಸಮಾನವಾಗಿ ಕಷ್ಟ.

ಆರೋಗ್ಯದ ವಾದವನ್ನು ಮಾತ್ರ ಅಳೆದು ಹೇಳಬೇಕು. 75 ದಾಟಿದ 469 ಮಂದಿಯನ್ನು ಗಮನಿಸಿ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ದೈಹಿಕ ಚಟುವಟಿಕೆಗಳ ಪೈಕಿ ನೃತ್ಯಕ್ಕೆ ಮಾತ್ರ ಮರೆವಿನ ಕಾಯಿಲೆಯ ಅಪಾಯ ಕಡಿಮೆಯಿರುವುದರೊಂದಿಗೆ ನಂಟು ಕಂಡಿತು. ನಂಟೇ ಕಾರಣವಲ್ಲ, ಗಟ್ಟಿಮುಟ್ಟಾಗಿರುವವರೇ ಕುಣಿಯಲು ಬರುತ್ತಾರೆಂದೂ ಹೇಳಬಹುದಲ್ಲ?

ನನ್ನ ತಕರಾರು ಬೇರೆಯೇ ಇದೆ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರೂ ಒಳಬರಲಾರರು. ಶುಲ್ಕವಿದೆ, ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ, ಜಾಗ ಹೆಚ್ಚಾಗಿ ಇಂದಿರಾನಗರ, ಕೋರಮಂಗಲಗಳಲ್ಲಿದೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ದಿನ ಒಂದೇ ಭಂಗಿಯಲ್ಲಿ ಕೂರುವ ಹೆಣ್ಣುಮಗಳಿಗೆ ಪೀಣ್ಯದಿಂದ ಅಲ್ಲಿಗೆ ಹೋಗಿಬರುವುದೇ ಅರ್ಧ ದಿನದ ಕೆಲಸ. ದೇಹ ಸಡಿಲಿಸುವ ಅಗತ್ಯ ಅವಳಿಗಿಂತ ಹೆಚ್ಚು ಯಾರಿಗಿದೆ?

ಸರ್ಕಾರ ವಹಿಸಿಕೊಂಡರೆ ಎಲ್ಲ ಸರಿಹೋದೀತೆಂದೂ ಅಲ್ಲ. ಚೀನಾದ ನಗರಗಳ ಚೌಕಗಳಲ್ಲಿ ಸಂಜೆಯಾದರೆ ನಡುವಯಸ್ಸು ದಾಟಿದ ಹೆಂಗಸರು ಗುಂಪುಗುಂಪಾಗಿ ಕುಣಿಯುತ್ತಾರೆ. ಶುಲ್ಕವಿಲ್ಲ, ಗುರುವಿಲ್ಲ. ಧ್ವನಿವರ್ಧಕದ ಗದ್ದಲದ ಬಗ್ಗೆ ನೆರೆಹೊರೆಯವರ ಜಗಳಗಳು ಹೆಚ್ಚಿದಾಗ, 2015ರಲ್ಲಿ ಅಲ್ಲಿನ ಸರ್ಕಾರ ತಜ್ಞರು ಸಂಯೋಜಿಸಿದ 12 ಮಾದರಿ ನೃತ್ಯಗಳನ್ನು ಪ್ರಕಟಿಸಿತು. ಜನ ಗೇಲಿ ಮಾಡಿದರು. ಅವು ಕಡ್ಡಾಯವಲ್ಲವೆಂದು ಅಧಿಕಾರಿಗಳು ಸ್ಪಷ್ಟನೆ ಕೊಡಬೇಕಾಯಿತು. ಸಮಸ್ಯೆ ಇದ್ದದ್ದು ಸದ್ದಿನಲ್ಲಿ, ಹೆಜ್ಜೆಯಲ್ಲಲ್ಲ.

ನಮ್ಮಲ್ಲಿ ಇಂಥ ಚೌಕಗಳೇ ಕಡಿಮೆ. ಇರುವ ಎಷ್ಟೋ ಉದ್ಯಾನಗಳಲ್ಲಿ ಕಾಣುವುದು ನಿಷೇಧಗಳ ಫಲಕ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ಪಾಲಿಕೆ ಶಾಲೆಗಳ ಸಭಾಂಗಣಗಳನ್ನೂ ವಾರ್ಡುಗಳ ಸಮುದಾಯ ಭವನಗಳನ್ನೂ ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಾಡಿಗೆಯಿಲ್ಲದೆ ತೆರೆದಿಡಲು ಹೊಸ ಕಾಯ್ದೆ ಬೇಕಿಲ್ಲ. ನೆಲ ಸಮತಟ್ಟಾಗಿದ್ದು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇದ್ದರೆ ಸಾಕು. ಕಲಿಸುವವರಿಗೆ ಗೌರವಯುತ ಸಂಭಾವನೆ ಮಾತ್ರ ಸಲ್ಲಲೇಬೇಕು. ರಾಜ್ಯೋತ್ಸವದ ಮೆರವಣಿಗೆಗೆ ಕರೆಸಿ, ಊಟ ಹಾಕಿ ಕಳಿಸುವ ಡೊಳ್ಳು, ಕಂಸಾಳೆ ಕಲಾವಿದರನ್ನು ವರ್ಷವಿಡೀ ಇಲ್ಲಿ ಗುರುಗಳನ್ನಾಗಿ ನೇಮಿಸಿಕೊಳ್ಳಬಹುದು. ಕೊನೆಯಲ್ಲಿ ಪ್ರಮಾಣಪತ್ರ ಹಂಚುವ ಸಮಾರಂಭವೊಂದು ಬೇಡ. ಅದು ಶುರುವಾದರೆ ಮುಂದಿನ ವರ್ಷ ಪರೀಕ್ಷೆಯೂ ಬರುತ್ತದೆ.