ಸಿಹಿ ಯಾರಿಗೆ, ನೋವು ಯಾರಿಗೆ?

ಹೆಬ್ಬೆರಳಿನ ಗಿಣ್ಣು ಕೆಂಪಾಗಿ ಊದಿಕೊಂಡು, ಹೊದಿಕೆ ತಗುಲಿದರೂ ಚೀರುವಂತಾಗುವ ಬೇನೆಗೆ ಗೌಟ್ ಎಂದು ಹೆಸರು. ಹಿಂದೆ ಯುರೋಪಿನಲ್ಲಿ ಇದನ್ನು ಅರಸರ ರೋಗವೆಂದು ಕರೆಯುತ್ತಿದ್ದರು. ಅರಸರು ಹೋದರು, ರೋಗ ಉಳಿಯಿತು. ಈಗ ಅದು ಅರಮನೆಯ ಬಾಗಿಲನ್ನೇ ಹುಡುಕಿಕೊಂಡು ಹೋಗುವುದಿಲ್ಲ.

ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂತಾಗ ಈ ನೋವು ಬರುತ್ತದೆ. ಮಾಂಸ, ಮದ್ಯ, ವಂಶಗುಣ, ಮೂತ್ರಪಿಂಡದ ದೌರ್ಬಲ್ಯ ಇವೆಲ್ಲ ಕಾರಣಗಳೇ. ಆದರೆ ಸಕ್ಕರೆಯ ಹೆಸರೆತ್ತುವವರು ಕಡಿಮೆ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯ ಅಂಗಗಳೆಲ್ಲ ಹಂಚಿಕೊಳ್ಳುತ್ತವೆ. ಫ್ರಕ್ಟೋಸ್ ಒಮ್ಮೆಗೇ ಹೆಚ್ಚು ಬಂದರೆ ಹೊರೆಯೆಲ್ಲ ಯಕೃತ್ತಿನ ಮೇಲೆ. ಅದನ್ನು ಅರಗಿಸುವ ಗಡಿಬಿಡಿಯಲ್ಲಿ ಯಕೃತ್ತು ತನ್ನ ಶಕ್ತಿಯ ದಾಸ್ತಾನನ್ನು ಖರ್ಚುಮಾಡುತ್ತದೆ. ಆ ಖರ್ಚಿನ ಕಸವೇ ಯೂರಿಕ್ ಆಮ್ಲ. ಫ್ರಕ್ಟೋಸಿನ ಒಂದು ಪಾಲು ಕೊಬ್ಬಾಗಿ ಯಕೃತ್ತಿನಲ್ಲಿ ಸೇರುತ್ತದೆ. ವರ್ಷಗಟ್ಟಲೆ ಹೀಗಾದರೆ ಮಧುಮೇಹಕ್ಕೆ ದಾರಿಯಾಗುತ್ತದೆ. ಅಮೆರಿಕದಲ್ಲಿ 46 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಅಥವಾ ಹೆಚ್ಚು ಸಿಹಿ ಪಾನೀಯ ಕುಡಿದವರಲ್ಲಿ ಗೌಟ್ ಸಂಭವ, ತಿಂಗಳಿಗೊಂದನ್ನೂ ಕುಡಿಯದವರಿಗಿಂತ ಶೇಕಡಾ 85ರಷ್ಟು ಹೆಚ್ಚಾಗಿತ್ತು.

ಹಾಗಾದರೆ ನಾಲಗೆಯ ಚಪಲವೇ ತಪ್ಪಿತಸ್ಥನೇ? ನಾವು ಒಪ್ಪುವುದಿಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಿರಣಿ ಕಾರ್ಮಿಕನ ಬಿಸಿಯೂಟದ ಜಾಗವನ್ನು ಸಕ್ಕರೆ ಹಾಕಿದ ಚಹಾ, ರೊಟ್ಟಿ ಹಿಡಿದವು. ಅಗ್ಗದ ಶಕ್ತಿ, ಅಗ್ಗದ ಕೂಲಿ! ಇಂದು ನಮ್ಮ ಪಾಳಿಯಲ್ಲಿಯೂ ಅದೇ ಲೆಕ್ಕ ನಡೆದಿದೆ. ಊಟಕ್ಕೆ ಹೊತ್ತಿಲ್ಲ, ಚಹಾಕ್ಕೆ ಐದು ನಿಮಿಷವುಂಟು. ಐದು ಲೋಟ, ಲೋಟಕ್ಕೆ ಎರಡು ಚಮಚೆ: ಸುಮಾರು 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಉತ್ತಮ ಮಿತಿ ದಿನಕ್ಕೆ ಸುಮಾರು 25 ಗ್ರಾಂ.

ಈ ವಿಷಯ ಜನರಿಗೆ ತಡವಾಗಿ ತಿಳಿಯಲು ಹಣವೂ ಕಾರಣ. 1965ರಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆಯೊಂದು ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ 6,500 ಡಾಲರ್ ಕೊಟ್ಟಿತು. 1967ರಲ್ಲಿ ಬಂದ ಅವರ ಲೇಖನ ಹೃದಯರೋಗದ ಅಪವಾದವನ್ನು ಕೊಬ್ಬಿನ ಮೇಲೆ ಹೊರಿಸಿ ಸಕ್ಕರೆಯನ್ನು ಹಗುರ ಮಾಡಿತು. ಯಾರ ಹಣವೆಂಬುದು ಅಲ್ಲಿ ಅಚ್ಚಾಗಲಿಲ್ಲ. ಹಳೆಯ ಕಾಗದಗಳಿಂದ ಅದು ಬಯಲಾದದ್ದು 2016ರಲ್ಲಿ!

ಚಹಾ ಬಿಡಿರೆಂದು ನಾವು ಉಪದೇಶಿಸುವುದಿಲ್ಲ. ಎರಡು ಚಮಚೆಯನ್ನು ಒಂದಕ್ಕಿಳಿಸಿರಿ. ಸೀಸೆಯ ಪಾನೀಯವನ್ನು ನಿತ್ಯದ ಚಟವಾಗಿಸಬೇಡಿರಿ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಮೋಸಹೋಗಬೇಡಿರಿ. ಇಡೀ ಹಣ್ಣಿಗೆ ಹೆದರಬೇಕಿಲ್ಲ. ಅದರ ನಾರು ಸಿಹಿಯನ್ನು ಮೆಲ್ಲಗೆ ಬಿಡುತ್ತದೆ. ಕೀಲು ಊದಿದರೆ ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿರಿ. ಅಂಗಡಿಯ ಮಿತ್ರರು ಮಜ್ಜಿಗೆಯನ್ನೂ ಮಾರಲಿ, ಸಕ್ಕರೆಯನ್ನು ಬೇರೆಯಾಗಿ ಕೊಡಲಿ, ವ್ಯಾಪಾರಕ್ಕೆ ನಷ್ಟವಿಲ್ಲ.

ಆದರೆ ಚಮಚೆಯೊಂದರಿಂದಲೇ ಇದು ಮುಗಿಯುವುದಿಲ್ಲ. 250ಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಕಡ್ಡಾಯ ಮಾಡಲು 1948ರ ಕಾರ್ಖಾನೆ ಕಾಯಿದೆಯೇ ದಾರಿ ಮಾಡಿತ್ತು. ಆ ಕ್ಯಾಂಟೀನಿನಲ್ಲಿ ಅನ್ನ, ಮುದ್ದೆ, ಬೇಳೆ, ಸೊಪ್ಪು ಸಿಗಬೇಕು. ಉಣ್ಣಲು ಅರ್ಧ ಗಂಟೆ ಸಿಗಬೇಕು. ಹೊಟ್ಟೆಗೆ ಊಟ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಮುಂದಿನ ಸಂಘದ ಸಭೆಯಲ್ಲಿ ಕೂಲಿಯ ಪಟ್ಟಿಯ ಪಕ್ಕದಲ್ಲೇ ಊಟದ ಬೇಡಿಕೆಯನ್ನೂ ಬರೆಯೋಣ.