ಟೆಂಡರ್ ನಮ್ಮದು, ಜೆಸಿಬಿ ಯಾರದು?



ನಮ್ಮ ಕೇರಿಯ ನಾಲ್ಕು ಜನ ಹುಡುಗರು ಸೇರಿ ಒಂದು ಸೆಕೆಂಡ್ ಹ್ಯಾಂಡ್ ಜೆಸಿಬಿ ತಗೋಬೇಕು ಅಂತ ಎರಡು ತಿಂಗಳಿಂದ ಓಡಾಡ್ತಾ ಇದ್ದಾರೆ. ನಾನೂ ಅವರ ಜೊತೆ ಯಾರ್ಡು, ಗ್ಯಾರೇಜು, ಬ್ಯಾಂಕು ಅಂತ ಸುತ್ತುತ್ತಾ ಇದ್ದೇನೆ. ಇದನ್ನು ಕೇಳಿ ಒಂದಿಬ್ಬರು ಸಂಗಾತಿಗಳು "ಏನಣ್ಣ, ಹೋರಾಟ ಬಿಟ್ಟು ಬಿಸಿನೆಸ್ಸಿಗೆ ಇಳಿದ್ರಾ?" ಅಂದರು. ಇದು ಹೋರಾಟದ್ದೇ ಮಾತು ಅಂತ ನನಗೆ ಅನ್ನಿಸಿರೋದರಿಂದ ಸ್ವಲ್ಪ ಉದ್ದವಾಗಿಯೇ ಬರೀತಿದ್ದೇನೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಕರ್ನಾಟಕದಲ್ಲಿ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15, ಪರಿಶಿಷ್ಟ ಪಂಗಡಕ್ಕೆ 6.95, ಒಟ್ಟು ಶೇಕಡಾ 24.10 ಮೀಸಲಾತಿ ಕೊಟ್ಟಿದ್ದಾರೆ. ಮೊದಲು 50 ಲಕ್ಷದವರೆಗಿನ ಕಾಮಗಾರಿಗಳಿಗಿತ್ತು, 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಇದು ಸುಮ್ಮನೆ ಸಿಕ್ಕಿದ್ದಲ್ಲ, ಕೇಳಿ ಕೇಳಿ ಪಡೆದದ್ದು. ಆದರೆ ಟೆಂಡರ್ ನಮ್ಮ ಹುಡುಗನ ಹೆಸರಿಗೆ ಆದ ಮಾರನೇ ದಿನ ಏನಾಗುತ್ತೆ ನೋಡಿ. ಚರಂಡಿ ತೋಡೋಕೆ, ಪೈಪ್‌ಲೈನ್ ಹಾಕೋಕೆ, ಪಾಯ ತೆಗೆಯೋಕೆ ಮೊದಲು ಬೇಕಾಗೋದು ಜೆಸಿಬಿ. ಅದು ಯಾರ ಮನೆ ಮುಂದೆ ನಿಂತಿದೆ? ಊರಗೌಡರ ಮನೆ ಮುಂದೆ, ಇಲ್ಲಾ ಮಾಜಿ ಪಂಚಾಯ್ತಿ ಅಧ್ಯಕ್ಷರ ತೋಟದಲ್ಲಿ. ಓಡಿಸೋನು ಯಾರು? ನಮ್ಮ ಕೇರಿಯ ಹುಡುಗ.

ನಮ್ಮ ಕಡೆ ಗಂಟೆಗೆ ಸುಮಾರು 1,200 ರೂಪಾಯಿ ಬಾಡಿಗೆ. ಟೆಂಡರ್ ದುಡ್ಡಿನ ದೊಡ್ಡ ಪಾಲು ಹೀಗೆ ಗಂಟೆ ಲೆಕ್ಕದಲ್ಲಿ ಅವರ ಕೈಗೇ ವಾಪಸ್ ಹೋಗುತ್ತೆ. ದುಡ್ಡಿನ ಮಾತು ಬಿಡಿ, ಗಾಡಿ ಯಾವತ್ತು ಬರಬೇಕು ಅನ್ನೋದನ್ನು ತೀರ್ಮಾನ ಮಾಡೋರೂ ಅವರೇ. "ಈ ವಾರ ಆಗಲ್ಲ, ಮುಂದಿನ ವಾರ ನೋಡೋಣ" ಅಂದರೆ ಕಾಮಗಾರಿ ಅವಧಿ ಮುಗಿದು ದಂಡ ಬೀಳೋದು ನಮಗೆ. ಕೊನೆಗೆ "ಯಾಕಪ್ಪಾ ನಿನಗೆ ಕಷ್ಟ, ನಿನ್ನ ಹೆಸರು ಇರಲಿ, ಕೆಲಸ ನಾನು ಮಾಡಿಸ್ತೀನಿ, ನಿನಗಿಷ್ಟು ಕೊಡ್ತೀನಿ" ಅನ್ನೋ ಮಾತು ಬರುತ್ತೆ. ಬೇನಾಮಿ ಅನ್ನೋದು ಶುರುವಾಗೋದು ಹೀಗೆ. ಎಷ್ಟೋ ಸಲ ಅದು ಶುರುವಾಗೋದು ಯಂತ್ರ ಇಲ್ಲದ ಜಾಗದಲ್ಲಿ.

ಊರಲ್ಲಿ ಜಗಳ ಆಗಿ ಬಹಿಷ್ಕಾರ ಹಾಕಿದಾಗ ಅಂಗಡಿ ಸಾಮಾನು, ಹೋಟೆಲು, ಕ್ಷೌರ ನಿಲ್ಲುತ್ತೆ ಅಂತ ನಾವೆಲ್ಲ ಬರೆದಿದ್ದೇವೆ. ಗಾಡಿಯೂ ನಿಲ್ಲುತ್ತೆ. ಮನೆ ಮಂಜೂರಾಗಿದ್ದರೂ ಪಾಯ ತೆಗೆಯೋಕೆ ಜೆಸಿಬಿ ಬರಲ್ಲ.

ಮಣ್ಣು ಅಗೆಯೋದು ಈ ನಾಡಿನಲ್ಲಿ ಯಾರ ಕೆಲಸ ಆಗಿತ್ತು? ಕೆರೆ, ಕಟ್ಟೆ, ಬಾವಿ ತೋಡಿದವರು ಒಡ್ಡರು, ಭೋವಿಗಳು. ಜೆಸಿಬಿ ಬಂದ ಮೇಲೆ ಗುದ್ದಲಿ ಹಿಡಿದ ಆ ಕೈಗಳಿಗೆ ಕೆಲಸ ಕಡಿಮೆ ಆಯಿತು, ಆದರೆ ಜೆಸಿಬಿ ಅವರದಾಗಲಿಲ್ಲ. ನಮ್ಮೂರಿನಂಥ ಕಡೆ ಸತ್ತವರಿಗೆ ಗುಂಡಿ ತೋಡೋದು ನಮ್ಮ ಕೇರಿಯವರ ಬಿಟ್ಟಿ ಚಾಕರಿ. ಈಗ ಅನುಕೂಲಸ್ಥರ ಮನೆಯಲ್ಲಿ ಸಾವಾದರೆ ಗುಂಡಿಗೂ ಜೆಸಿಬಿ ಬರುತ್ತೆ. ನಮ್ಮ ತಾತ ಕೈಯಲ್ಲಿ ತೋಡಿದಾಗ ಒಂದು ಸೇರು ರಾಗಿ, ಯಂತ್ರ ತೋಡಿದಾಗ ಗಂಟೆಗೆ 1,200. ಅಗೆಯೋ ಕೆಲಸಕ್ಕೆ ಬೆಲೆ ಬಂದ ದಿನ ಆ ಕೆಲಸ ನಮ್ಮ ಕೈ ತಪ್ಪಿತು. ಇದನ್ನು ಸುಮ್ಮನೆ ನೋಡ್ಕೊಂಡು ಇರಬೇಕಾ?

ಯಂತ್ರ ಅಂದರೆ ಬಂಡವಾಳಶಾಹಿ, ಅದರ ಸಹವಾಸ ಬೇಡ ಅನ್ನೋರಿಗೆ ಒಂದು ಮಾತು. ಬಾಬಾಸಾಹೇಬರು 1945ರ ಪುಸ್ತಕದಲ್ಲಿ ಗಾಂಧಿವಾದವನ್ನು ವಿಮರ್ಶೆ ಮಾಡುವಾಗ ಇದನ್ನೇ ಎತ್ತಿಕೊಂಡಿದ್ದಾರೆ. ಕೇಡು ಇರೋದು ಯಂತ್ರದಲ್ಲಲ್ಲ, ಅದರ ಲಾಭ ಕೆಲವರ ಪಾಲಾಗುವ ಸಮಾಜ ವ್ಯವಸ್ಥೆಯಲ್ಲಿ ಅನ್ನೋದು ಅವರ ವಾದದ ತಿರುಳು. ಪ್ರಾಣಿಯಂತೆ ದುಡಿಯೋದರಿಂದ ಮನುಷ್ಯನನ್ನು ಬಿಡಿಸೋದು ಯಂತ್ರ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಯಂತ್ರ ಬೇಕಾ ಬೇಡವಾ ಅಂತಲ್ಲ, ಆರ್‌ಸಿ ಬುಕ್ಕಲ್ಲಿ ಯಾರ ಹೆಸರಿದೆ ಅಂತ.

ಈಗ ಕೊಳ್ಳೋ ವಿಷಯಕ್ಕೆ ಬರ್ತೀನಿ. ಹೊಸ ಗಾಡಿಗೆ 30 ಲಕ್ಷದ ಮೇಲೆ ಬೇಕು, ಅದು ನಮ್ಮ ಮಾತಲ್ಲ. ಹಳೇದರಲ್ಲಿ 12 ಲಕ್ಷದ ಆಸುಪಾಸಿನದು ನೋಡ್ತಾ ಇದ್ದೇವೆ. ಜೆಸಿಬಿ ಅನ್ನೋದು ಒಂದು ಕಂಪನಿ ಹೆಸರು, ಗಾಡಿಯ ಹೆಸರು ಬ್ಯಾಕ್‌ಹೋ ಲೋಡರ್. ಕೇಸ್, ಮಹೀಂದ್ರಾ, ಟಾಟಾ ಹಿಟಾಚಿ ಗಾಡಿಗಳೂ ಇವೆ. ಯಾವುದೇ ಆಗಲಿ, ಬಿಡಿಭಾಗ ನಿಮ್ಮ ತಾಲೂಕಲ್ಲೇ ಸಿಗುತ್ತಾ ಅಂತ ಮೊದಲು ಕೇಳಿ. ಗಾಡಿ ಒಂದು ವಾರ ನಿಂತರೆ ಒಂದು ವಾರದ ಅನ್ನ ನಿಂತ ಹಾಗೆ.

ಯಾರ್ಡಿಗೆ ಹೋದ ಕಡೆಯೆಲ್ಲಾ ನಮ್ಮ ಹುಡುಗರಿಗೆ ಒಂದೇ ಪ್ರಶ್ನೆ: "ಓನರ್ ಬಂದಿಲ್ವಾ?" ಹತ್ತು ವರ್ಷದಿಂದ ಗಾಡಿ ಓಡಿಸಿದವನು ಮುಂದೆ ನಿಂತಿದ್ದರೂ ಅವನು ಬೇರೆಯವರ ಪರವಾಗಿ ನೋಡೋಕೆ ಬಂದ ಆಪರೇಟರ್ ಅಂತಲೇ ಲೆಕ್ಕ. ಪರವಾಗಿಲ್ಲ. ಗಾಡಿ ಮೈಯಲ್ಲಿ ಏನಿದೆ ಅಂತ ಓನರ್‌ಗಿಂತ ಆಪರೇಟರ್‌ಗೇ ಚೆನ್ನಾಗಿ ಗೊತ್ತು. ಅವರು ನೋಡಿದ ರೀತಿಯನ್ನು ಬೇರೆ ಊರಿನ ಹುಡುಗರಿಗೂ ಉಪಯೋಗ ಆಗಲಿ ಅಂತ ಹೇಳ್ತೀನಿ.

ಬೆಳಿಗ್ಗೆ ಬೇಗ ಹೋಗಿ, ಇಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನೀವು ಬರೋ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಹೊಗೆ ನೀಲಿ ಬಂದರೆ ಇಂಜಿನ್ ಆಯಿಲ್ ಕುಡೀತಿದೆ. ಅವರ್ ಮೀಟರ್ ನಂಬಬೇಡಿ, ಅದನ್ನು ತಿರುಗಿಸೋದು ಸುಲಭ. ಪೆಡಲ್ ಸವೆದಿರೋದು, ಸೀಟು, ಲಿವರ್‌ಗಳ ಹಿಡಿ ನೋಡಿದರೆ ಗಾಡಿ ಎಷ್ಟು ದುಡಿದಿದೆ ಅಂತ ಗೊತ್ತಾಗುತ್ತೆ. ಬಕೆಟ್ ಎತ್ತಿ ಹಾಗೇ ನಿಲ್ಲಿಸಿ ಹತ್ತು ನಿಮಿಷ ಟೀ ಕುಡೀರಿ, ತಾನಾಗೇ ಇಳಿದಿದ್ದರೆ ಹೈಡ್ರಾಲಿಕ್ ಕಡೆ ಖರ್ಚಿದೆ. ಹಿಂದಿನ ಎರಡು ಕಾಲು ಊರಿ ಗಾಡಿ ಎತ್ತಿ ಅದೇ ಪರೀಕ್ಷೆ ಮಾಡಿ. ಹಿಂದಿನ ಕೈಯನ್ನು ಅತ್ತಿತ್ತ ಆಡಿಸಿ ಪಿನ್ನು, ಬುಷ್ಷು ಎಷ್ಟು ಸಡಿಲ ಇದೆ ನೋಡಿ. ಹೊಸ ಬಣ್ಣ ಹೊಡೆದ ಕಡೆ ಬೆರಳಾಡಿಸಿ, ಬಣ್ಣದ ಕೆಳಗೆ ಬಿರುಕಿಗೆ ಹಾಕಿದ ವೆಲ್ಡಿಂಗ್ ಸಿಗಬಹುದು. ಮುಂದೆ, ರಿವರ್ಸ್ ಹಾಕಿದ ತಕ್ಷಣ ಎಳೀಬೇಕು, ತಡ ಮಾಡಿದರೆ ಗೇರ್‌ಬಾಕ್ಸ್ ಕೇಳಿ ಬೆಲೆ ಮಾತಾಡಿ. ಕೊನೆಗೆ ಅರ್ಧ ಗಂಟೆ ಗಟ್ಟಿ ನೆಲ ಅಗೆದು ನೋಡದೆ ಅಡ್ವಾನ್ಸ್ ಕೊಡಬೇಡಿ.

2021ರ ಏಪ್ರಿಲ್‌ನಿಂದ ಚಕ್ರದ ಗಾಡಿಗಳಿಗೆ ಬಿಎಸ್-4 ಹೊಗೆ ನಿಯಮ ಬಂತು. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಸೆನ್ಸರ್ ಕಾಟ ಕಡಿಮೆ, ನಮ್ಮ ತಾಲೂಕಿನ ಮೆಕ್ಯಾನಿಕ್ಕೇ ಬಿಚ್ಚಿ ಕಟ್ಟಬಲ್ಲ. ನಮ್ಮ ಹುಡುಗರ ಒಲವು ಅದರ ಕಡೆಗೇ.

ಕಬ್ಬಿಣ ನೋಡಿದಷ್ಟೇ ಕಾಗದವನ್ನೂ ನೋಡಿ. ಚಾಸಿಸ್ ನಂಬರು ಆರ್‌ಸಿ ಜೊತೆ ತಾಳೆ ಆಗಬೇಕು. ಗಾಡಿ ಮೇಲೆ ಫೈನಾನ್ಸ್ ಇದ್ದರೆ ಎನ್‌ಒಸಿ ಮತ್ತು ಫಾರಂ 35 ಬೇಕು, ಹೆಸರು ಬದಲಾಗೋಕೆ ಫಾರಂ 29, 30. "ಬಾಕಿ ಕಂತು ನೀವೇ ಕಟ್ಕೊಳ್ಳಿ, ಆರ್‌ಸಿ ಆಮೇಲೆ ಮಾಡಿಸೋಣ" ಅಂತ ಛಾಪಾ ಕಾಗದ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಕಂತೆಲ್ಲ ಕಟ್ಟಿದ ಮೇಲೂ ಗಾಡಿ ಅವನದೇ ಆಗಿರುತ್ತೆ. ತೀರಾ ಅಗ್ಗ ಅನ್ನಿಸಿದರೆ ಅಕ್ರಮ ಮರಳು ಕೇಸಲ್ಲಿ ಸಿಕ್ಕಿಬಿದ್ದ ಗಾಡಿಯಾ ಅಂತ ಠಾಣೆ ಕಡೆಯಿಂದ ವಿಚಾರಿಸಿ.

ಲೆಕ್ಕವನ್ನೂ ಮುಚ್ಚಿಡಲ್ಲ. ನಾಲ್ಕು ಜನ ತಲಾ ಒಂದೂವರೆ ಲಕ್ಷ ಹಾಕಿದರೆ 6 ಲಕ್ಷ. ಅದರಲ್ಲಿ 4 ಲಕ್ಷ ಮುಂಗಡ, 1 ಲಕ್ಷ ತಕ್ಷಣದ ರಿಪೇರಿಗೆ, 1 ಲಕ್ಷ ಕೈ ಮುಟ್ಟದ ದುಡ್ಡು. ಉಳಿದ 8 ಲಕ್ಷ ಸಾಲ. ಮೂರು ವರ್ಷಕ್ಕೆ ಶೇಕಡಾ 14ರ ಬಡ್ಡಿ ಅಂದರೆ ತಿಂಗಳಿಗೆ 27 ಸಾವಿರ ಚಿಲ್ಲರೆ ಕಂತು. ಗಂಟೆಗೆ 1,200 ಬಂದರೆ ಡೀಸೆಲ್‌ಗೆ 450, ಓಡಿಸೋನಿಗೆ 200, ಟೈರು, ಆಯಿಲ್ಲು, ರಿಪೇರಿಗೆ 150 ತೆಗೆದಿಟ್ಟು 400 ಉಳಿಯುತ್ತೆ. ತಿಂಗಳಿಗೆ 70 ಗಂಟೆ ಓಡಿದರೆ ಕಂತು ಮಾತ್ರ ಸರಿಹೋಗುತ್ತೆ. 100 ಗಂಟೆ ಓಡಿದರೆ ಹನ್ನೆರಡು ಸಾವಿರದಷ್ಟು ಮಿಗುತ್ತೆ, ಅದರಲ್ಲೇ ಇನ್ಶೂರೆನ್ಸೂ ಬರಬೇಕು. ಮಳೆಗಾಲದಲ್ಲಿ 40 ಗಂಟೆ ಓಡಿದರೆ ಹನ್ನೊಂದು ಸಾವಿರ ಕೈಯಿಂದ ಹೋಗುತ್ತೆ. ಆ ಒಂದು ಲಕ್ಷ ಕೈ ಮುಟ್ಟಬೇಡಿ ಅಂದಿದ್ದು ಅದಕ್ಕೇ. ನಾಲ್ಕೂ ಜನ ಪಾಲುದಾರಿಕೆ ಪತ್ರ ಬರೆಸಿ ನೋಂದಣಿ ಮಾಡಿಸಿ. ಅಣ್ಣತಮ್ಮಂದಿರ ಹಾಗಿದ್ದೀವಿ ಅಂತ ಬಾಯಿಮಾತಲ್ಲಿ ಬಿಟ್ಟರೆ ಅಣ್ಣತಮ್ಮಂದಿರ ಹಾಗೇ ಕೋರ್ಟಿಗೂ ಹೋಗಬೇಕಾಗುತ್ತೆ.

ಸಾಲದ ಕಥೆ ಕೇಳಿ. 2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಅಂತ ತಂದರು. ಪ್ರತಿ ಬ್ಯಾಂಕ್ ಶಾಖೆ ಕನಿಷ್ಠ ಒಬ್ಬ ಎಸ್‌ಸಿ ಅಥವಾ ಎಸ್‌ಟಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅನ್ನೋದು 2025ರ ಮಾರ್ಚ್‌ವರೆಗೆ ಅದರ ಮಾತಾಗಿತ್ತು. ನಾವು ಹೋದ ಶಾಖೆಯಲ್ಲಿ ಸಿಕ್ಕ ಉತ್ತರ: "ಶೋರೂಮಿಂದ ಹೊಸ ಗಾಡಿ ಕೊಟೇಶನ್ ತನ್ನಿ, ಹಳೇದಕ್ಕೆ ಯಾವ ಸ್ಕೀಮೂ ಇಲ್ಲ." ಹೊಸ ಗಾಡಿಯ ಮಾರ್ಜಿನ್ ದುಡ್ಡಿದ್ದರೆ ಇವರ ಹತ್ತಿರ ಯಾಕೆ ಬರ್ತಿದ್ವಿ? ಹಳೇ ಗಾಡಿಗೆ ಸಾಲ ಕೊಡೋರು ಖಾಸಗಿ ಫೈನಾನ್ಸ್‌ನವರು. ಅವರಿಗೆ ಜಾತಿ ಪ್ರಮಾಣಪತ್ರ ಬೇಡ, ಬಡ್ಡಿ ಬೇಕು.

ನಮ್ಮ ನಿಗಮಗಳು ಏನು ಕೊಟ್ಟಿವೆ? ಐರಾವತ ಯೋಜನೆಯಲ್ಲಿ ಟ್ಯಾಕ್ಸಿ ಕೊಳ್ಳೋಕೆ 5 ಲಕ್ಷದವರೆಗೆ ಸಹಾಯಧನ ಕೊಟ್ಟರು. ತಪ್ಪು ಅನ್ನಲ್ಲ, ಅದರಿಂದ ಬದುಕು ಕಟ್ಕೊಂಡವರಿದ್ದಾರೆ. ಹೊಲಿಗೆ ಯಂತ್ರ, ಹಸು, ಕುರಿ ಎಲ್ಲಾ ಬಂತು. ಆದರೆ 1 ಕೋಟಿವರೆಗಿನ ಕಾಮಗಾರಿಯಲ್ಲಿ ಪಾಲು ಅಂತ ಒಂದು ಕೈಯಲ್ಲಿ ಕೊಟ್ಟ ಸರ್ಕಾರ, ಆ ಕಾಮಗಾರಿ ಮಾಡೋಕೆ ಬೇಕಾದ ಯಂತ್ರದ ಬಗ್ಗೆ ಯಾಕೆ ಯೋಚನೆ ಮಾಡಲ್ಲ? ನನ್ನ ಬೇಡಿಕೆ ಸರಳ. ಹಳೇ ಯಂತ್ರಕ್ಕೂ ಸಹಾಯಧನ ಕೊಡಿ. ಮೋಸ ಆಗುತ್ತೆ ಅನ್ನೋ ಭಯ ಇದ್ದರೆ ಸರ್ಕಾರಿ ಇಂಜಿನಿಯರ್ ಒಬ್ಬರಿಂದ ಗಾಡಿ ಪರೀಕ್ಷೆ ಮಾಡಿಸಿ ಬೆಲೆ ಕಟ್ಟಿಸಿ, ದುಡ್ಡನ್ನು ನೇರ ಮಾರುವವನ ಖಾತೆಗೆ ಹಾಕಿ. ಒಬ್ಬೊಬ್ಬರಿಗೆ ಕೊಡೋ ಬದಲು ನಾಲ್ಕೈದು ಜನರ ಗುಂಪಿಗೆ ಕೊಡಿ.

ಕೊನೇ ಪ್ರಶ್ನೆ, ನನ್ನನ್ನೂ ಕಾಡಿದ್ದು. ಒಂದು ಜೆಸಿಬಿ ನಮ್ಮ ಅಕ್ಕಂದಿರು, ಅವ್ವಂದಿರ ಕೂಲಿ ಕಿತ್ಕೊಳ್ಳಲ್ವಾ? ಕಿತ್ಕೊಳ್ಳುತ್ತೆ. ಕೂಲಿಯವರನ್ನು ಹೊರಗಿಡೋ ಯಂತ್ರ ಆದಷ್ಟೂ ಬಳಸಬಾರದು, ಗುತ್ತಿಗೆದಾರರು ಬರಬಾರದು ಅಂತ ನರೇಗಾದಲ್ಲೇ ನಿಯಮ ಇಟ್ಟಿದ್ದು ಅದಕ್ಕೇ. ಆದರೂ ಜಾಬ್ ಕಾರ್ಡ್ ನಮ್ಮ ಹೆಂಗಸರದು, ರಾತ್ರಿ ಕೆಲಸ ಜೆಸಿಬಿಯದು ಅನ್ನೋದನ್ನು ಎಲ್ಲಾ ಕಡೆ ನೋಡಿದ್ದೇವೆ. ಹಾಗಾಗಿ ನಮ್ಮ ಹುಡುಗರು ಪಾಲುದಾರಿಕೆ ಪತ್ರದಲ್ಲೇ ಮೂರು ಷರತ್ತು ಬರೆಸ್ತಾ ಇದ್ದಾರೆ: ಕೂಲಿ ಯೋಜನೆಯ ಕೆಲಸಕ್ಕೆ ಗಾಡಿ ಇಳಿಸಲ್ಲ, ಅಕ್ರಮ ಮರಳಿಗೆ ಹೋಗಲ್ಲ, ಬಡವರ ಗುಡಿಸಲು ಕೆಡವೋಕೆ ಹೋಗಲ್ಲ. ನೋಟಿಸ್ ಕೊಡದೆ ಮನೆ ಕೆಡವಬಾರದು, ಕನಿಷ್ಠ 15 ದಿನ ಕೊಡಬೇಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಂಥ ಕೆಲಸಕ್ಕೆ ಬರಲ್ಲ ಅನ್ನೋಕೆ ಬಾಡಿಗೆ ಆಪರೇಟರ್‌ಗೆ ಧೈರ್ಯ ಸಾಲಲ್ಲ, ಅಂದರೆ ಕೆಲಸ ಹೋಗುತ್ತೆ. ಕೀ ಅವನ ಜೇಬಿನಲ್ಲೇ ಇದ್ದರೆ ಆಗಲ್ಲ ಅಂತ ಹೇಳಬಹುದು.

ನಿಮ್ಮ ತಾಲೂಕಲ್ಲಿ ಎಷ್ಟು ಜೆಸಿಬಿ ಇವೆ, ಅದರಲ್ಲಿ ಎಷ್ಟಕ್ಕೆ ನಮ್ಮವರು ಓನರ್, ಎಷ್ಟಕ್ಕೆ ಬರೀ ಆಪರೇಟರ್ ಅಂತ ಒಂದು ವಾರ ಓಡಾಡಿ ಪಟ್ಟಿ ಮಾಡಿ. ಆ ಪಟ್ಟಿ ಹಿಡ್ಕೊಂಡು ನಿಗಮದ ಕಚೇರಿಗೆ, ಶಾಸಕರ ಮನೆಗೆ ಒಟ್ಟಿಗೆ ಹೋಗೋಣ. ಒಳ್ಳೆ ಗಾಡಿ ಮಾರಾಟಕ್ಕಿದ್ದರೆ, ಹಳೇ ಗಾಡಿ ಓಡಿಸಿ ಅನುಭವ ಇದ್ದರೆ ಕಾಮೆಂಟಲ್ಲಿ ತಿಳಿಸಿ.

ಜೈಭೀಮ್.